ಎಲ್‌ಎನ್‌ಕ್ಯಾಪ್ ಕೋಶಗಳಲ್ಲಿ ಪಿಎಸ್‌ಎ ಬ್ಯಾಂಡ್ ಏಕೆ ಏರಲಿಲ್ಲ?

ಎಲ್‌ಎನ್‌ಕ್ಯಾಪ್ ಎಂದರೆ ಲ್ಯಾಬ್‌ನಲ್ಲಿ ಬೆಳೆಸುವ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು. ಆಂಡ್ರೊಜನ್ (ಪುರುಷ ಹಾರ್ಮೋನು) ತನ್ನ ರಿಸೆಪ್ಟರ್ ಮೂಲಕ ಇವುಗಳಲ್ಲಿ ಪಿಎಸ್‌ಎ ಎಂಬ ಪ್ರೊಟೀನನ್ನು ಹೆಚ್ಚಿಸಬೇಕು. ಆಂಡ್ರೊಜನ್ ಹಾಕಿದ ಕೋಶಗಳಲ್ಲೂ ಹಾಕದ ಕೋಶಗಳಲ್ಲೂ ವೆಸ್ಟರ್ನ್ ಬ್ಲಾಟ್‌ನ (ಪ್ರೊಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಪಿಎಸ್‌ಎ ಬ್ಯಾಂಡ್ ಒಂದೇ ದಪ್ಪ ಬಂದರೆ ಮೊದಲು ಬೈಸಿಕೊಳ್ಳುವುದು ಆಂಟಿಬಾಡಿ. ಪಾಪ, ಎಷ್ಟೋ ಸಲ ತಪ್ಪು ಸೀರಮ್‌ನದು. ಮಾಮೂಲಿ ಎಫ್‌ಬಿಎಸ್‌ನಲ್ಲೇ (ಕರು ಭ್ರೂಣದ ಸೀರಮ್) ಸ್ಟೀರಾಯ್ಡ್‌ಗಳಿರುತ್ತವೆ. ಸಾಲದ್ದಕ್ಕೆ ಎಲ್‌ಎನ್‌ಕ್ಯಾಪ್‌ನ ಆಂಡ್ರೊಜನ್ ರಿಸೆಪ್ಟರ್‌ನಲ್ಲಿ 877ನೇ ಥ್ರಿಯೊನಿನ್ ಇರಬೇಕಾದ ಕಡೆ ಅಲನಿನ್ ಇದೆ (ಹೊಸ ಎಣಿಕೆಯಲ್ಲಿ 878). ಹಾಗಾಗಿ ಪ್ರೊಜೆಸ್ಟರಾನ್, ಎಸ್ಟ್ರಡಯಾಲ್ ಬಂದರೂ ಅದು ಎದ್ದು ಕೂರುತ್ತದೆ. ರಿಸೆಪ್ಟರನ್ನು ತಡೆಯಬೇಕಾದ ಔಷಧ ಹೈಡ್ರಾಕ್ಸಿಫ್ಲೂಟಮೈಡೇ ಇಲ್ಲಿ ಚಾಲನೆ ಕೊಡುತ್ತದೆ. ತಡೆಗೆ ಎನ್ಜಲುಟಮೈಡ್ ಬಳಸಿ.

ಫಿನಾಲ್ ರೆಡ್ ಬಣ್ಣ ಇಲ್ಲದ ಆರ್‌ಪಿಎಂಐ 1640 ಮೀಡಿಯಂ, ಅದಕ್ಕೆ ಇದ್ದಿಲಿನಿಂದ ಸ್ಟೀರಾಯ್ಡ್ ತೆಗೆದ ಸೀರಮ್ 5–10%. ಇದರಲ್ಲಿ ಕೋಶಗಳನ್ನು 48 ಗಂಟೆ ಉಪವಾಸ ಹಾಕಿ, ಆಮೇಲೆ ಎಥನಾಲ್‌ನಲ್ಲಿ ಕರಗಿಸಿದ 1 ನ್ಯಾನೊಮೋಲಾರ್ ಆರ್1881 (ಕೃತಕ ಆಂಡ್ರೊಜನ್), 24 ಗಂಟೆ. ಆಂಡ್ರೊಜನ್ ಹಾಕದ ಕಂಟ್ರೋಲ್‌ಗೂ ಅಷ್ಟೇ ಎಥನಾಲ್ ಬೀಳಬೇಕು.

ಈ ಕೋಶಗಳ ಹಿಡಿತ ಬಲು ಸಡಿಲ. ತೊಳೆಯುವ ಉಪ್ಪುದ್ರಾವಣ ಪಿಬಿಎಸ್ ನೇರ ಸುರಿದರೆ ಹಾಲಿನ ಕೆನೆಯಂತೆ ಮಡಚಿಕೊಂಡು ಎದ್ದುಬಿಡುತ್ತವೆ. ಗೋಡೆಯ ಬದಿಯಿಂದ ಇಳಿಸಿ. ಇನ್ನೂ ಒಳ್ಳೆಯದೆಂದರೆ ತೊಳೆಯುವ ಮೊದಲೇ ಕೆರೆದು, 300 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಗುಳಿಗೆಯನ್ನು ತೊಳೆಯುವುದು. ಮೀಡಿಯಂ ಚೆಲ್ಲಬೇಡಿ: ಪಿಎಸ್‌ಎ ಕೋಶದಿಂದ ಹೊರಗೆ ಸ್ರವಿಸುವ ಪ್ರೊಟೀನ್, ಸಾಕಷ್ಟು ಭಾಗ ಅಲ್ಲೇ ಇರುತ್ತದೆ.

ಪ್ರೊಟಿಯೇಸ್ ಇನ್ಹಿಬಿಟರ್ (ಪ್ರೊಟೀನ್ ತುಂಡಾಗದಂತೆ ತಡೆಯುವ ವಸ್ತು) ಬೆರೆಸಿದ ತಣ್ಣನೆಯ ರಿಪಾ ಬಫರ್ (ಕೋಶ ಒಡೆಯುವ ದ್ರಾವಣ) ಹಾಕಿದ ಮೇಲೆ ಪಿಪೆಟ್ ತುದಿಯಿಂದ ಸಿಂಬಳದಂಥ ಎಳೆ ಜೋತಾಡುತ್ತದಲ್ಲ, ಅದು ಡಿಎನ್‌ಎ. ಹಾಗೆಯೇ ಸೆಂಟ್ರಿಫ್ಯೂಜ್ ಮಾಡಿದರೆ ಡಿಎನ್‌ಎಗೆ ಅಂಟಿದ ರಿಸೆಪ್ಟರ್ ಕೂಡ ತಳಕ್ಕೆ ಹೋಗುತ್ತದೆ. ಹಾರ್ಮೋನು ಕೊಟ್ಟ ಸ್ಯಾಂಪಲ್‌ನಲ್ಲೇ ಹೀಗೆ ಹೆಚ್ಚು ಅಂಟಿರುವುದು, ಹಾಗಾಗಿ ನಷ್ಟವೂ ಅಲ್ಲೇ ಹೆಚ್ಚು, ಫಲಿತಾಂಶವೇ ತಲೆಕೆಳಗಾಗಬಹುದು. ಐಸ್ ಮೇಲಿಟ್ಟು 10 ಸೆಕೆಂಡಿನಂತೆ ಮೂರು ಸಲ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಒಡೆದು), ಎಳೆ ಹರಿದ ಮೇಲಷ್ಟೇ 14,000 ಜಿ, 15 ನಿಮಿಷ. ಪ್ರೊಟೀನ್ ಪ್ರಮಾಣವನ್ನು ಬಿಸಿಎ ಪರೀಕ್ಷೆಯಲ್ಲಿ ಅಳೆದು ಪ್ರತಿ ಲೇನ್‌ಗೆ 25 ಮೈಕ್ರೊಗ್ರಾಂ.

10% ಜೆಲ್ ಸಾಕು: ರಿಸೆಪ್ಟರ್ 110 ಕಿಲೊಡಾಲ್ಟನ್, ಪಿಎಸ್‌ಎ ಸುಮಾರು 33. ಎಲ್ಲ ಲೇನ್‌ಗೂ ಸಮ ಪ್ರೊಟೀನ್ ಬಿದ್ದಿದೆಯೇ ಎಂದು ತೋರಿಸುವ ಲೋಡಿಂಗ್ ಕಂಟ್ರೋಲ್‌ಗೆ 37 ಕಿಲೊಡಾಲ್ಟನ್‌ನ ಗ್ಯಾಪ್‌ಡಿಎಚ್ ಪ್ರೊಟೀನ್ ಬೇಡ, ಪಿಎಸ್‌ಎ ಮೈಮೇಲೇ ಬರುತ್ತದೆ, ಟ್ಯುಬುಲಿನ್ ಇರಲಿ. ಪಕ್ಕದಲ್ಲಿ ಒಂದು ಲೇನ್ ಪಿಸಿ-3 (ಇನ್ನೊಂದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶ) ಓಡಿಸಿ, ಅಲ್ಲಿ ರಿಸೆಪ್ಟರ್, ಪಿಎಸ್‌ಎ ಎರಡೂ ಕಾಣಬಾರದು.

ಆಂಡ್ರೊಜನ್ ಕೊಟ್ಟಾಗ ರಿಸೆಪ್ಟರ್ ಬ್ಯಾಂಡ್ ದಪ್ಪವಾದರೆ ಜೀನ್ ಚುರುಕಾಯಿತೆಂದು ಬರೆದುಬಿಡಬೇಡಿ. ಎಂಆರ್‌ಎನ್‌ಎ ಇಳಿದಿರುತ್ತದೆ, ಪ್ರೊಟೀನ್ ಹೆಚ್ಚು ಹೊತ್ತು ಬಾಳುತ್ತದೆ, ಅಷ್ಟೇ. ಇನ್ನು ರಿಸೆಪ್ಟರ್ ಆಂಟಿಬಾಡಿಯಲ್ಲಿ 80 ಕಿಲೊಡಾಲ್ಟನ್ ಆಸುಪಾಸಿನಲ್ಲಿ ಬ್ಯಾಂಡ್ ಕಂಡರೆ? 22ಆರ್‌ವಿ1 ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಾದರೆ ರಿಸೆಪ್ಟರ್‌ನ ಎಆರ್-ವಿ7ನಂಥ ಮೊಟಕು ರೂಪ ಇರಬಹುದು. ಎಲ್‌ಎನ್‌ಕ್ಯಾಪ್‌ನಲ್ಲಾದರೆ, ಬಫರ್‌ಗೆ ಪ್ರೊಟಿಯೇಸ್ ಇನ್ಹಿಬಿಟರ್ ಹಾಕಿದ್ದಿರಾ, ಮೊದಲು ಅದನ್ನು ನೋಡಿ.