ಯಾವ ಕ್ಲೀನರ್ ಸೇಫ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮನೆಯಲ್ಲಿ ಪುಟ್ಟ ಮಗು ಇರುವವರು ನನ್ನನ್ನು ಪದೇ ಪದೇ ಕೇಳುತ್ತಾರೆ: "ಕೆಮಿಕಲ್ ಇಲ್ಲದ, ಸೇಫ್ ಆದ ಕ್ಲೀನರ್ ಯಾವುದು? ಹೆಸರು ಹೇಳಿ, ಅದನ್ನೇ ತರ್ತೀವಿ."

ನಾನು ಹೆಸರು ಹೇಳುವುದಿಲ್ಲ. ಈಗ ಮನೆಯಲ್ಲಿರುವ ಬಾಟಲಿಗಳನ್ನು ಎಲ್ಲಿ ಇಟ್ಟಿದ್ದೀರಿ, ಒಂದಕ್ಕೆ ಇನ್ನೊಂದನ್ನು ಬೆರೆಸುತ್ತೀರಾ ಅಂತ ಮೊದಲು ವಿಚಾರಿಸುತ್ತೇನೆ. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಚ್ಚಲುಮನೆ ತೊಳೆಯುತ್ತಿದ್ದೆ. ಟೈಲ್ಸ್ ಸಂದಿಯ ಕಪ್ಪು ಹೋಗಲಿ ಅಂತ ಬ್ಲೀಚ್ ಹಾಕಿ ಬಿಟ್ಟಿದ್ದೆ. ಹತ್ತು ನಿಮಿಷವಾದರೂ ಕಲೆ ಹಾಗೇ ಇತ್ತು. ಪಕ್ಕದಲ್ಲೇ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಇತ್ತು, ಅದನ್ನೂ ಒಂದಿಷ್ಟು ಸುರಿದೆ. ಸಣ್ಣಗೆ ನೊರೆ ಎದ್ದಿತು. ಮರುಕ್ಷಣ ಗಂಟಲು ಹಿಡಿದುಕೊಂಡಿತು. ಕಣ್ಣು ಉರಿದು ನೀರು ಸುರಿಯತೊಡಗಿತು. ಕೆಮ್ಮುತ್ತಲೇ ಹೊರಗೆ ಬಂದರೆ ಬಾಗಿಲ ಬಳಿಯೇ ಮಗಳು ಅಂಬೆಗಾಲಿಟ್ಟುಕೊಂಡು ನನ್ನ ಕಡೆ ಬರುತ್ತಿದ್ದಾಳೆ. ಅವಳನ್ನು ಎತ್ತಿಕೊಂಡು ಮನೆಯಿಂದಾಚೆ ಓಡಿದೆ. ಅವಳಿಗೆ ಏನೂ ಆಗಲಿಲ್ಲ. ನನ್ನ ಎದೆ ಮಾತ್ರ ಎರಡು ದಿನ ಬಿಗಿಯಾಗಿತ್ತು.

ಆ ಎರಡು ಬಾಟಲಿಗಳನ್ನೂ ವರ್ಷಗಟ್ಟಲೆ ಬಳಸಿದ್ದೆ. ಬೇರೆ ಬೇರೆಯಾಗಿ ಬಳಸಿದಾಗ ತೊಂದರೆ ಆಗಿರಲಿಲ್ಲ. ಬ್ಲೀಚಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪರ್ ಊರಿನ ಬಳಿ ಜರ್ಮನ್ ಸೇನೆ ಎದುರಾಳಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಕೆಳಗೆ, ನೆಲದ ಹತ್ತಿರವೇ ಹರಡಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿನ ಮೂಗು ಇರುವುದೂ ಅಲ್ಲೇ. ಆ ದಿನ ನೆನಪಾದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಸೇರಬಾರದು, ಅಲ್ಲಿ ಕ್ಲೋರಮಿನ್ ಅನ್ನುವ ವಿಷ ಅನಿಲ ಬರುತ್ತದೆ. ಗಾಜು ಒರೆಸುವ ಕೆಲವು ಸ್ಪ್ರೇಗಳಲ್ಲಿ ಅಮೋನಿಯಾ ಇರುತ್ತದೆ. "ವಿನೆಗರ್ ನ್ಯಾಚುರಲ್ ಅಲ್ವಾ, ಅದನ್ನು ಬೆರೆಸಬಹುದಲ್ಲಾ?" ಅಂತ ಕೇಳುವವರಿದ್ದಾರೆ. ಬೇಡ. ವಿನೆಗರ್ ಕೂಡ ಆ್ಯಸಿಡ್ಡೇ.

ಈ ನ್ಯಾಚುರಲ್ ಅನ್ನುವ ಮಾತನ್ನು ನಂಬಿ ಮೈಮರೆಯುವುದು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ನೀಲಗಿರಿ ಎಣ್ಣೆ ಮರದ ಎಲೆಯಿಂದಲೇ ತೆಗೆದದ್ದು. ಆದರೆ ಚಿಕ್ಕ ಮಗು ಅದನ್ನು ಕುಡಿದುಬಿಟ್ಟರೆ ಮಂಪರು ಬರಬಹುದು, ಫಿಟ್ಸ್ ಬರಬಹುದು. ಲೇಬಲ್ ಮೇಲೆ ಹಸಿರು ಎಲೆಯ ಚಿತ್ರ ಇದೆ ಅಂತ ಬಾಟಲಿಯನ್ನು ಕೈಗೆಟಕುವಲ್ಲಿ ಇಡಬೇಡಿ.

ಇನ್ನು ಬಾಟಲಿಯ ವಿಷಯ. ದೊಡ್ಡ ಕ್ಯಾನ್ ಎತ್ತಲು ಕಷ್ಟ ಅಂತ ಸ್ವಲ್ಪವನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ದಯವಿಟ್ಟು ಇವತ್ತೇ ಬಿಡಿ. ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ ನೋಡಿದ್ದೀರಲ್ಲ? ಮಕ್ಕಳು ಮಾತ್ರೆ ನುಂಗಿ ಆಸ್ಪತ್ರೆಗೆ ಬರುವುದನ್ನು ನೋಡಿ ನೋಡಿ ಬೇಸತ್ತ ಕೆನಡಾದ ಮಕ್ಕಳ ವೈದ್ಯ ಹೆನ್ರಿ ಬ್ರೋ 1967ರಲ್ಲಿ ಅಂಥ ಮುಚ್ಚಳವನ್ನು ಬಳಕೆಗೆ ತಂದರು. ನೀರಿನ ಬಾಟಲಿಗೆ ಸುರಿದಾಗ ಆ ಮುಚ್ಚಳವೂ ಹೋಯಿತು, ಒಳಗಿರುವುದು ಏನು ಅಂತ ಹೇಳುವ ಲೇಬಲ್ಲೂ ಹೋಯಿತು. ಬಾಯಾರಿ ಬಂದ ದೊಡ್ಡವರೇ ನೀರು ಅಂದುಕೊಂಡು ಎತ್ತಿ ಕುಡಿಯುತ್ತಾರೆ, ಮಗುವಿನ ಮಾತು ಬಿಡಿ. ಹಾಗಂತ ಮುಚ್ಚಳವೊಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಮಗುವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಎತ್ತರದಲ್ಲಿಟ್ಟು ಬೀಗ ಹಾಕಬೇಕು.

ದಿನಾ ನೆಲ ಒರೆಸಲು ಸೋಪಿನ ನೀರು ಸಾಕು. ಬ್ಲೀಚ್ ಬೇಕೇ ಆದಾಗ ಕಿಟಕಿ ತೆರೆದಿಡಿ. ಸ್ಪ್ರೇ ಮಾಡುವ ಬದಲು ಬಟ್ಟೆಗೆ ಹಾಕಿ ಒರೆಸಿ, ಆಗ ಹನಿಗಳು ಉಸಿರಿಗೆ ಸೇರುವುದು ಕಡಿಮೆ.

ಕ್ಲೀನರ್ ಬಗ್ಗೆ ಇಷ್ಟು ಕೇಳುವವರು ಬಟನ್ ಬ್ಯಾಟರಿ ಬಗ್ಗೆ ಕೇಳುವುದೇ ಇಲ್ಲ. ರಿಮೋಟ್‌ನಲ್ಲಿ, ಆಟಿಕೆಯಲ್ಲಿ, ತೂಕದ ಯಂತ್ರದಲ್ಲಿ ಇರುವ ಆ ಹೊಳೆಯುವ ಬಿಲ್ಲೆ. ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಆಳವಾಗಿ ಸುಡಬಲ್ಲದು. ಅದು ಸೋರಬೇಕೆಂದೇನಿಲ್ಲ. ಒದ್ದೆ ಜಾಗದಲ್ಲಿ ಕರೆಂಟ್ ಹರಿದು, ಅಲ್ಲೇ ಕ್ಷಾರ ಹುಟ್ಟಿ, ಮಾಂಸ ಸುಡುತ್ತದೆ. ಬ್ಯಾಟರಿ ಮುಚ್ಚಳದ ಸ್ಕ್ರೂ ಬಿಗಿಯಾಗಿದೆಯಾ ಅಂತ ಈಗಲೇ ನೋಡಿ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ನೋವು ಬರಲಿ ಅಂತ ಕಾಯದೆ ಎಕ್ಸ್‌ರೇ ಮಾಡಿಸಲು ಆಸ್ಪತ್ರೆಗೆ ಹೊರಡಿ.

ಮಗು ಡ್ರೈನ್ ಕ್ಲೀನರನ್ನೋ ಸೀಮೆಎಣ್ಣೆಯನ್ನೋ ಕುಡಿದುಬಿಟ್ಟರೆ ನಮ್ಮ ಕೈ ಮೊದಲು ಹೋಗುವುದು ವಾಂತಿ ಮಾಡಿಸಲು. ಮಾಡಿಸಬೇಡಿ. ಕ್ಲೀನರ್ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯ ಸುತ್ತ ಅಂಟಿದ್ದನ್ನು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಬಾಟಲಿಯೂ ಜೊತೆಗಿರಲಿ. ಏನು ಕುಡಿದಿದೆ ಅಂತ ಡಾಕ್ಟರಿಗೆ ಅದರ ಲೇಬಲ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ.