ಮುಟ್ಟದೆ ನೋಡುವ ಕೆಲಸ

ಪೆನ್ಸಿಲ್ವೇನಿಯಾದ ಹರ್ಶಿ ಊರನ್ನು ಜಗತ್ತು ಬಲ್ಲದ್ದು ಚಾಕೊಲೇಟಿನಿಂದ. ಅಲ್ಲಿನ ಮುಖ್ಯ ರಸ್ತೆಯ ಹೆಸರೇ ಚಾಕೊಲೇಟ್ ಅವೆನ್ಯೂ. ಅದರ ಬೀದಿದೀಪಗಳೂ ಆ ಕಂಪನಿಯ ಮಿಠಾಯಿಯ ಆಕಾರದಲ್ಲಿವೆ. ಆದರೆ ಅಕ್ಟೋಬರ್ ತಿಂಗಳು ಹಿಡಿಯಿತೆಂದರೆ ಆ ಊರಿನ ದೊಡ್ಡ ಬಯಲುಗಳಲ್ಲಿ ಕೇಳಿಬರುವುದು ಹಳೆಯ ಕಾರುಗಳ ಸುದ್ದಿ ಮಾತ್ರ. 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆಯ ಶರತ್ಕಾಲದ ಸಮಾವೇಶ 1955ರಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. ಬಿಡಿಭಾಗಗಳ ಸಂತೆ, ಕಾರುಗಳ ಮಾರಾಟ, ಕೊನೆಯಲ್ಲಿ ಕಾರುಗಳ ಪ್ರದರ್ಶನ ಮತ್ತು ಅವುಗಳ ತೀರ್ಪು. ಹಲವು ವರ್ಷ ಇದು ನಮ್ಮ ನವರಾತ್ರಿಯ ಆಸುಪಾಸಿನಲ್ಲಿಯೇ ಬೀಳುವುದರಿಂದ, ನಮ್ಮೂರಿನಲ್ಲಿ ಅಪ್ಪ ಆಯುಧಪೂಜೆಗೆಂದು ಕಾರು ತೊಳೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ ನಾನಿಲ್ಲಿ ತೀರ್ಪುಗಾರನಾಗಿ ಬೇರೆಯವರ ಕಾರುಗಳ ಮುಂದೆ ಕಾಗದ ಹಿಡಿದು ನಿಂತಿರುತ್ತೇನೆ.

ಈ ಕ್ಲಬ್ಬಿಗೆ ನಾನು ಸೇರಿದ್ದು ಕಾರು ಇದ್ದುದರಿಂದಲ್ಲ, ಇಲ್ಲದಿದ್ದುದರಿಂದ. ಹ್ಯಾರಿಸ್‌ಬರ್ಗಿನ ಬಾಡಿಗೆ ಮನೆಯಲ್ಲಿ ಹಳೆಯ ಕಾರನ್ನು ಕೊಂಡು ನಿಲ್ಲಿಸಲು ಜಾಗವಾಗಲೀ ಅದಕ್ಕೆ ಸುರಿಯಲು ಹಣವಾಗಲೀ ಇರಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಅಂಗಡಿಗಳ ಮುಂದಿನ ಖಾಲಿ ಜಾಗದಲ್ಲಿ ಹತ್ತಿಪ್ಪತ್ತು ಜನ ತಮ್ಮ ಹಳೆಯ ಕಾರುಗಳನ್ನು ತಂದು ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು ಹರಟುವ ಪದ್ಧತಿ ಇಲ್ಲಿದೆ. ಅಂಥ ಒಂದು ಸಂಜೆ, ಪ್ರತಿ ಕಾರಿನ ಮುಂದೆಯೂ ಹದಿನೈದು ನಿಮಿಷ ನಿಂತು ಬಾನೆಟ್ಟಿನೊಳಗೆ ಇಣುಕುತ್ತಿದ್ದ ನನ್ನನ್ನು ಕಂಡ ಹಿರಿಯರೊಬ್ಬರು, ಇಷ್ಟು ನೋಡುವವನು ಪುಕ್ಕಟೆಯಾಗಿ ಯಾಕೆ ನೋಡುತ್ತೀ, ತೀರ್ಪುಗಾರನಾಗಬಾರದೇ ಎಂದು ಕೇಳಿದರು. ಅದೂ ಪುಕ್ಕಟೆ ಕೆಲಸವೇ ಎಂಬುದು ಆಮೇಲೆ ಗೊತ್ತಾಯಿತು. ಸಂಬಳವಿಲ್ಲ, ಪ್ರಯಾಣದ ಖರ್ಚು ನಮ್ಮದೇ. ತೀರ್ಪಿನ ದಿನ ಬೆಳಿಗ್ಗೆ ಉಪಾಹಾರ ಸಿಗುತ್ತದೆ, ಕೆಲಸ ಮಾಡಿದ್ದಕ್ಕೆ ಗುರುತಾಗಿ ಚಿಪ್ ಎಂಬ ಒಂದು ಪುಟ್ಟ ಬಿಲ್ಲೆ ಸಿಗುತ್ತದೆ. ಅಂಥ ಬಿಲ್ಲೆಗಳನ್ನು ಸಾಲಾಗಿ ಹಲಗೆಗೆ ಹಚ್ಚಿ ಗೋಡೆಗೆ ತೂಗುಹಾಕಿದ ಹಿರಿಯರನ್ನು ಕಂಡಿದ್ದೇನೆ. ಪದಕ ಗೆದ್ದವರ ಮುಖದಲ್ಲಿಯೂ ಅಷ್ಟು ಗೆಲುವು ಇರಲಾರದು.

ತೀರ್ಪುಗಾರನಾಗುವ ದಾರಿ ನೇರವಾಗಿದೆ. ಕ್ಲಬ್ಬಿನ ಸದಸ್ಯನಾಗಿರಬೇಕು, ಅದು ನಡೆಸುವ ತೀರ್ಪುಗಾರರ ಶಾಲೆಯಲ್ಲಿ ಕುಳಿತಿರಬೇಕು, ಅನಂತರ ಒಂದು ಸಮಾವೇಶದಲ್ಲಿ ಅನುಭವಸ್ಥರ ತಂಡದೊಡನೆ ಅಪ್ರೆಂಟಿಸ್ ಆಗಿ ತಿರುಗಬೇಕು. ಕಾರುಗಳ ಬಗ್ಗೆ ಪಂಡಿತನಾಗಿರಬೇಕೆಂಬ ಷರತ್ತಿಲ್ಲ. ನನ್ನ ಹೆದರಿಕೆ ಇದ್ದುದು ಅಲ್ಲಿಯೇ. ತುಮಕೂರಿನಲ್ಲಿ ಫಿಯಟ್ಟು, ಅಂಬಾಸಿಡರ್‌ಗಳ ನಡುವೆ ಬೆಳೆದವನಿಗೆ ಪ್ಯಾಕಾರ್ಡ್, ಸ್ಟುಡಿಬೇಕರ್ ಎಂಬುವು ಹೆಸರುಗಳಷ್ಟೇ. ಆದರೆ ಶಾಲೆಯಲ್ಲಿ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಈ ಕೆಲಸಕ್ಕೆ ಬೇಕಾದದ್ದು ಕಾರುಗಳ ಚರಿತ್ರೆಯ ಕಂಠಪಾಠವಲ್ಲ, ಕಣ್ಣಿನ ಶಿಸ್ತು ಎಂದು ತಿಳಿಯಿತು.

ಪ್ರತಿ ಕಾರೂ 400 ಅಂಕಗಳೊಂದಿಗೆ ಮೈದಾನಕ್ಕೆ ಬರುತ್ತದೆ. ನಾವು ಅಂಕ ಕೊಡುವುದಿಲ್ಲ, ಕಳೆಯುತ್ತೇವೆ. ಕಾರು ಹೇಗಿರಬೇಕೆಂಬುದಕ್ಕೆ ಇರುವ ಅಳತೆಗೋಲು ಒಂದೇ: ಹೊಸದಾಗಿದ್ದಾಗ ಮಾರಾಟಗಾರನು ಅದನ್ನು ಸಿದ್ಧಪಡಿಸಿ ಗಿರಾಕಿಯ ಕೈಗೆ ಒಪ್ಪಿಸುತ್ತಿದ್ದ ಸ್ಥಿತಿ. ಅದಕ್ಕಿಂತ ಕೆಳಗಿದ್ದರೆ ಅಂಕ ಹೋಗುತ್ತದೆ; ಅದಕ್ಕಿಂತ ಮೇಲಿದ್ದರೆ, ಕಾರ್ಖಾನೆಯವರು ಕನಸಿನಲ್ಲಿಯೂ ಎಣಿಸದಷ್ಟು ಹೊಳಪನ್ನು ಮಾಲೀಕನು ತಂದಿದ್ದರೆ, ಹೆಚ್ಚಿಗೆ ಏನೂ ಸಿಗುವುದಿಲ್ಲ. ಈ ಮಾತು ನನಗೆ ದಕ್ಕಲು ಬಹಳ ಹೊತ್ತು ಹಿಡಿಯಿತು. ನಮ್ಮಲ್ಲಿ ಕಾರನ್ನು ಚೆನ್ನಾಗಿ ಇಟ್ಟಿದ್ದಾರೆ ಎಂದರೆ ಹೊಸದಕ್ಕಿಂತ ಹೆಚ್ಚು ಹೊಳೆಯುತ್ತದೆ ಎಂದೇ ಅರ್ಥ. ಸೀಟಿಗೆ ಹೊಸ ಹೊದಿಕೆ, ಚಕ್ರಕ್ಕೆ ಹೊಳೆಯುವ ಕ್ಯಾಪು, ಡ್ಯಾಶ್‌ಬೋರ್ಡಿನ ಮೇಲೊಬ್ಬ ಗಣಪತಿ. ಇಲ್ಲಿ ಮೆಚ್ಚುಗೆಗೂ ತೀರ್ಪಿಗೂ ನಡುವೆ ಗೆರೆ ಎಳೆದುಕೊಳ್ಳಬೇಕು. ಕಣ್ಣು ಕೋರೈಸುವ ಕಾರಿನ ಮುಂದೆ ನಿಂತು, ಎಷ್ಟು ಚಂದ ಎಂದು ಒಳಗೊಳಗೇ ಅಂದುಕೊಂಡು, ಅದರ ರೇಡಿಯೇಟರ್ ಕೊಳವೆಯ ಪಟ್ಟಿ ಆ ಕಾಲದ್ದಲ್ಲ ಎಂದು ಬರೆದುಕೊಳ್ಳುವ ನಿರ್ದಾಕ್ಷಿಣ್ಯ ಬರಬೇಕು.

ತಂಡದಲ್ಲಿ ಒಬ್ಬ ನಾಯಕ, ಅವನ ಕೈಕೆಳಗೆ ಹೊರಮೈ, ಒಳಾಂಗಣ, ಚಾಸಿಸ್ ಎಂಬ ಅಡಿಚೌಕಟ್ಟು, ಎಂಜಿನ್ ಎಂದು ಒಂದೊಂದು ವಿಭಾಗಕ್ಕೆ ಒಬ್ಬೊಬ್ಬರು. ಹೊರಮೈ ನೋಡುವವನು ಎಂಜಿನ್ನಿನ ಬಗ್ಗೆ ತುಟಿ ಬಿಚ್ಚುವಂತಿಲ್ಲ. ನಾಯಕನು ಮಾಲೀಕನಿಗೆ ನಮಸ್ಕರಿಸಿ ಬಾಗಿಲು, ಬಾನೆಟ್ಟು ತೆರೆಯಲು ಹೇಳುತ್ತಾನೆ. ತೆರೆಯುವವನು ಮಾಲೀಕನೇ, ನಾವಲ್ಲ. ಕಾರಿನ ಪಕ್ಕದಲ್ಲಿ ಬೆಂಕಿ ಆರಿಸುವ ಸಾಧನ ಇರಲೇಬೇಕು. ಪ್ರಥಮ ಜೂನಿಯರ್ ಎಂಬ ಮೊದಲ ಮೆಟ್ಟಿಲಿನ ದೊಡ್ಡ ಪ್ರಶಸ್ತಿಗೆ ಕನಿಷ್ಠ 365 ಅಂಕ ಉಳಿದಿರಬೇಕು, ಮತ್ತು ಒಂದೇ ವರ್ಗದಲ್ಲಿ ಹಲವು ಕಾರುಗಳಿಗೆ ಅದು ಸಿಗಬಹುದು. ಈ ಕೊನೆಯ ಸಂಗತಿ ನನಗೆ ಬಹಳ ಹಿಡಿಸಿತು. ಪಕ್ಕದ ಕಾರು ಸೋಲಲೆಂದು ಯಾರೂ ಹರಕೆ ಹೊರುವ ಅಗತ್ಯ ಇಲ್ಲಿ ಅಷ್ಟಾಗಿ ಇಲ್ಲ.

ಅಪ್ರೆಂಟಿಸ್ ಆದ ಮೊದಲ ದಿನವೇ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಗಾಢ ಹಸಿರು ಬಣ್ಣದ ಒಂದು ಫೋರ್ಡ್ ಮಾಡೆಲ್ ಎ ಕಾರಿನ ಹೊರಮೈಯನ್ನು ಹಿರಿಯ ತೀರ್ಪುಗಾರರೊಬ್ಬರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಹಿಂದಿನ ಮಡ್‌ಗಾರ್ಡಿನ ತಿರುವಿನಲ್ಲಿ ಬೆಳಕು ಸ್ವಲ್ಪ ನಡುಗಿದಂತೆ ಕಂಡಿತು. ನಮ್ಮೂರಿನ ಟಿಂಕರಿಂಗ್ ಶೆಡ್ಡಿನಲ್ಲಿ ಅಂಥ ಜಾಗ ಕಂಡರೆ ಮೇಸ್ತ್ರಿ ಮಾಡುವ ಮೊದಲ ಕೆಲಸವೆಂದರೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿಯುವುದು: ಟಣ್ ಎಂದರೆ ತಗಡು, ದಪ್ ಎಂದರೆ ಗುಳಿ ಮುಚ್ಚಲು ಮೆತ್ತಿದ ಪುಟ್ಟಿ. ನನ್ನ ಕೈ ಯೋಚಿಸದೆಯೇ ಎದ್ದಿತು. ಮಡ್‌ಗಾರ್ಡಿಗೆ ಇನ್ನು ಒಂದು ಅಂಗುಲ ಇದೆ ಎನ್ನುವಷ್ಟರಲ್ಲಿ ತಂಡದ ನಾಯಕ ನನ್ನ ಮಣಿಕಟ್ಟನ್ನು ಹಿಡಿದಿದ್ದ. ಅವನು ಗದರಲಿಲ್ಲ, ಕೈಯನ್ನು ಮೆಲ್ಲಗೆ ತಂದು ನನ್ನ ಬೆನ್ನ ಹಿಂದೆ ಇರಿಸಿದ, ಅಷ್ಟೇ. ತೀರ್ಪುಗಾರನು ಕಾರನ್ನು ಮುಟ್ಟಬಾರದೆಂಬುದನ್ನು ಶಾಲೆಯಲ್ಲಿ ಕೇಳಿ, ಬರೆದುಕೊಂಡು, ತಲೆದೂಗಿ ಬಂದಿದ್ದವನು ನಾನು. ಆಚೆ ನಿಂತಿದ್ದ ಮಾಲೀಕನ ಮುಖದಿಂದ ರಕ್ತ ಇಳಿದುಹೋಗಿತ್ತು. ಅಂದಿನಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕಾರಿನ ಸುತ್ತ ನಡೆಯುತ್ತೇನೆ. ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರಂತೆ ಕಾಣುತ್ತೀ ಎಂದು ಚಿತ್ರ ನೋಡಿದ ಹೆಂಡತಿ ನಗುತ್ತಾಳೆ.

ಅದೇ ಮಾಡೆಲ್ ಎ ಕಾರಿನಿಂದ ಕಲಿತದ್ದು ಬಹಳ. 1928ರಿಂದ 1931ರವರೆಗೆ ಸುಮಾರು 48 ಲಕ್ಷದಷ್ಟು ತಯಾರಾದ ಕಾರು ಅದು. ನಾಲ್ಕು ಸಿಲಿಂಡರು, 40 ಅಶ್ವಶಕ್ತಿ, 6 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಪೆಟ್ರೋಲ್ ಟ್ಯಾಂಕು ಮುಂದಿನ ಗಾಜಿನ ಕೆಳಗೇ ಇರುವುದರಿಂದ ಇಂಧನವು ತನ್ನ ಭಾರದಿಂದಲೇ, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿಗೆ ಇಳಿಯುತ್ತದೆ, ಪಂಪು ಬೇಡ. ಹಾಗಾಗಿ ಬಾನೆಟ್ಟಿನ ಕೆಳಗೆ ವಿದ್ಯುತ್ ಪಂಪೊಂದು ಕಂಡರೆ, ಅಥವಾ ಪೆಟ್ರೋಲಿನ ಕೊಳವೆಯ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಸೋಸುಕ ಕಂಡರೆ, ಅದು ಓಡಿಸುವವನ ಅನುಕೂಲಕ್ಕೆ ಆಮೇಲೆ ಬಂದದ್ದು. ತಿರುಪುಗಳ ಕಥೆ ಇನ್ನೂ ಸ್ವಾರಸ್ಯದ್ದು. ತಲೆಯಲ್ಲಿ ಕೂಡಿಸುವ ಚಿಹ್ನೆಯಂತೆ ತೋಡಿರುವ ಫಿಲಿಪ್ಸ್ ತಿರುಪು ಕಾರು ಕಾರ್ಖಾನೆಗಳಿಗೆ ಕಾಲಿಟ್ಟದ್ದು 1930ರ ದಶಕದ ನಡುವಿನಲ್ಲಿ. 1930ರ ಕಾರಿನ ಬಾಗಿಲಿನ ಪಟ್ಟಿಯಲ್ಲಿ ಅಂಥ ತಿರುಪೊಂದು ಕೂತಿದ್ದರೆ, ಹಳಗನ್ನಡದ ಶಾಸನದ ನಡುವೆ ಇಂಗ್ಲಿಷ್ ಅಕ್ಷರವೊಂದು ಕಂಡಂತೆ. ಒಂದು ರೂಪಾಯಿಯ ವಸ್ತು, ಆದರೂ ಒಮ್ಮೆ ಕಂಡ ಮೇಲೆ ಕಾರಿನಲ್ಲಿ ಬೇರೇನೂ ಕಾಣಿಸುವುದಿಲ್ಲ.

1955ರ ಷೆವರ್ಲೆ ಬೆಲ್ ಏರ್ ಇನ್ನೊಂದು ಪಾಠಶಾಲೆ. ಷೆವರ್ಲೆ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾದದ್ದು ಆ ವರ್ಷವೇ. ಆದರೆ ವಿದ್ಯುತ್ತನ್ನು ತಯಾರಿಸುತ್ತಿದ್ದುದು ಇನ್ನೂ ಹಳೆಯ ಜನರೇಟರ್; ಆಲ್ಟರ್ನೇಟರ್ ಅವುಗಳಿಗೆ ಬಂದದ್ದು 1960ರ ದಶಕದಲ್ಲಿ. ಮಳೆಯಲ್ಲಿ, ಇರುಳಿನಲ್ಲಿ ದೀಪ ಮಂಕಾಗದಿರಲೆಂದು ಅನೇಕ ಮಾಲೀಕರು ಆಲ್ಟರ್ನೇಟರ್ ಕೂಡಿಸಿಕೊಂಡಿರುತ್ತಾರೆ, ಕಾರ್ಖಾನೆಯಿಂದ ಬರುವಾಗ ಆ ಕಾರಿಗಿಲ್ಲದ ರೇಡಿಯಲ್ ಟೈರುಗಳನ್ನು ಹಾಕಿಸಿರುತ್ತಾರೆ. ರಸ್ತೆಯ ಮೇಲೆ ಇವೆರಡೂ ಬುದ್ಧಿವಂತಿಕೆಯ ಕೆಲಸಗಳೇ. ಮೈದಾನದಲ್ಲಿ ಎರಡಕ್ಕೂ ಅಂಕ ಕಳೆಯಬೇಕು. ಕಾರನ್ನು ಪ್ರೀತಿಯಿಂದ ಓಡಿಸುವವನಿಗೆ ಶಿಕ್ಷೆ, ಟ್ರೇಲರಿನ ಮೇಲೆ ಹೊತ್ತು ತರುವವನಿಗೆ ಬಹುಮಾನ ಎಂಬ ಆಕ್ಷೇಪ ಬಹಳ ಹಳೆಯದು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಓಡಿಸುವವರಿಗೆಂದೇ ಕ್ಲಬ್ಬು ಪ್ರತ್ಯೇಕ ವರ್ಗವೊಂದನ್ನು ಇಟ್ಟಿರುವುದರಿಂದ ನನ್ನ ಮನಸ್ಸಾಕ್ಷಿ ಸ್ವಲ್ಪ ಹಗುರವಾಗಿದೆ, ಪೂರ್ತಿಯಾಗಿ ಅಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಗೊತ್ತಿಲ್ಲದ್ದನ್ನು ತಪ್ಪೆಂದು ಬರೆಯುವಲ್ಲಿ. ಅನುಮಾನ ಬಂದರೆ ಅದರ ಲಾಭ ಮಾಲೀಕನಿಗೆ ಸಲ್ಲಬೇಕೆಂಬುದು ಪಾಠ. ಆ ವರ್ಷದ ಕಾರ್ಖಾನೆಯ ಕ್ಯಾಟಲಾಗಿನಲ್ಲೋ ಬಿಡಿಭಾಗಗಳ ಪುಸ್ತಕದಲ್ಲೋ ಮಾರಾಟದ ಕರಪತ್ರದಲ್ಲೋ ಇದ್ದದ್ದನ್ನು ಒಪ್ಪಲೇಬೇಕು. ಆದ್ದರಿಂದ ಜಾಣ ಮಾಲೀಕರು ಅಂಥ ಕಾಗದಗಳನ್ನು ಕಡತ ಮಾಡಿಕೊಂಡು ಬರುತ್ತಾರೆ. ಒಂದು ಚಿಕ್ಕ ಸ್ಥಳೀಯ ಕ್ಲಬ್ಬಿನ ಬೇಸಿಗೆ ಪ್ರದರ್ಶನದಲ್ಲಿ, ಶಾಲೆಯ ಮೆಟ್ಟಿಲು ಹತ್ತುವ ಮುಂಚೆ, ನಾನು ಗುಲಾಬಿ ಬಣ್ಣದ ಕಾರೊಂದನ್ನು ನೋಡಿ ಇಂಥ ಬಣ್ಣ ಕಾರ್ಖಾನೆಯದಾಗಿರಲು ಸಾಧ್ಯವೇ ಇಲ್ಲ ಎಂದು ಧಾರಾಳವಾಗಿ ಅಂಕ ಕಳೆದಿದ್ದೆ. ಮಾಲೀಕಳಾದ ಅಜ್ಜಿ ಏನೂ ಹೇಳದೆ ಕೈಚೀಲದಿಂದ ಆ ವರ್ಷದ ಬಣ್ಣಗಳ ಪಟ್ಟಿಯನ್ನು ತೆಗೆದು ನನ್ನ ಮುಂದೆ ಬಿಡಿಸಿದರು. 1950ರ ದಶಕದ ಅಮೆರಿಕದಲ್ಲಿ ಜನ ಎಂಥೆಂಥ ಬಣ್ಣದ ಕಾರುಗಳನ್ನು ಕೊಂಡಿದ್ದರೆಂಬುದು ಕಪ್ಪು, ಬಿಳಿ, ಕೆನೆ ಬಣ್ಣಗಳ ಕಾರುಗಳನ್ನಷ್ಟೇ ಕಂಡು ಬೆಳೆದವನಿಗೆ ಹೇಗೆ ತಾನೇ ತಿಳಿದೀತು? ಈಗ ಯಾವ ವರ್ಗ ನನ್ನ ಪಾಲಿಗೆ ಬರಬಹುದೆಂಬ ಸುಳಿವು ಸಿಕ್ಕರೂ ಸಾಕು, ಹರ್ಶಿಯಲ್ಲೇ ಇರುವ ಕ್ಲಬ್ಬಿನ ಗ್ರಂಥಾಲಯಕ್ಕೆ ಹೋಗಿ ಒಂದು ಮಧ್ಯಾಹ್ನ ಕೂತುಬರುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕಾರುಗಳಿಗೆ ಈ 400 ಅಂಕಗಳ ಲೆಕ್ಕವೇ ಇಲ್ಲ. ಮೂಲ ಸ್ಥಿತಿಯಲ್ಲಿಯೇ ಉಳಿದುಬಂದ ವಾಹನಗಳಿಗೆ ಬೇರೆಯದೇ ವರ್ಗವಿದೆ. ಅಲ್ಲಿ ಬಣ್ಣ ಬಿರುಕು ಬಿಟ್ಟಿರುತ್ತದೆ, ಸೀಟಿನ ಅಂಚು ಸವೆದಿರುತ್ತದೆ, ಸ್ಟೀರಿಂಗಿನ ಮೇಲೆ ಯಾರದೋ ಹೆಬ್ಬೆರಳು ಬಿದ್ದು ಬಿದ್ದು ನುಣುಪಾದ ಜಾಗವಿರುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿದೆ? ಕಾರಿಗೆ ಎಷ್ಟು ಸಲ ಬೇಕಾದರೂ ಹೊಸ ಬಣ್ಣ ಬಳಿಯಬಹುದು, ಮೊದಲ ಬಣ್ಣ ಇರುವುದು ಒಂದೇ ಸಲ ಎಂಬ ಮಾತು ಈ ಜನರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಇಳಿಯಬಯಸುವವರಿಗೂ ಈಗ ಕಾಲ ಕೆಟ್ಟದ್ದೇನಿಲ್ಲ. ಬೆಂಗಳೂರಿನಲ್ಲಿ ಹಳೆಯ ಕಾರುಗಳ ಕೂಟಗಳು ಬಹಳ ಕಾಲದಿಂದ ಇವೆ, ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಒಂದು ದಿನ ಕಳೆದರೆ ಕಣ್ಣಿಗೆ ಒಳ್ಳೆಯ ಅಭ್ಯಾಸವಾಗುತ್ತದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆ ಮತ್ತು ‘ವಿಎ’ ಅಕ್ಷರಗಳುಳ್ಳ ನೋಂದಣಿ ಸಂಖ್ಯೆ ಸಿಗುತ್ತದೆ. ಮೂಲ ರೂಪ ಎನ್ನುವಲ್ಲಿಯೇ ನಮ್ಮವರಿಗೆ ತೊಡಕು. ಬಿಡಿಭಾಗ ಸಿಗದ ಕಾಲದಲ್ಲಿ ಕಾರನ್ನು ಬದುಕಿಸಿಕೊಂಡದ್ದೇ ಬೇರೆ ಕಾರಿನ ಭಾಗ ಹೊಂದಿಸಿ. ಅದನ್ನು ಮಾಡಿದ ಮೇಸ್ತ್ರಿಗಳ ಕೈಚಳಕಕ್ಕೆ ಅಂಕ ಕೊಡುವ ಕಾಗದವನ್ನು ಯಾರೂ ಇನ್ನೂ ಅಚ್ಚು ಹಾಕಿಲ್ಲ.

ಊರಿನ ನಮ್ಮ ಮನೆಯಲ್ಲಿ 1970ರ ಫಿಯಟ್ 1100 ಡಿ ಇದೆ, ಗೇರು ಸ್ಟೀರಿಂಗಿನ ಪಕ್ಕದಲ್ಲಿರುವಂಥದ್ದು. ಹೋದ ವರ್ಷ ದಸರೆಗೆ ಮುಂಚೆ ಅಪ್ಪ ಫೋನಿನಲ್ಲಿ ಅದನ್ನು ಸುತ್ತ ತೋರಿಸಿದರು. ನಾನು ರೂಢಿಯಂತೆ ಕಾರ್ಬ್ಯುರೇಟರ್ ಮಾರುತಿಯದು, ಹಾರನ್ನು ಯಾವುದೋ ಲಾರಿಯದು, ಬಲಗಡೆಯ ಕನ್ನಡಿ ಯಾರದ್ದೋ ಎಂದು ಎಣಿಸುತ್ತ ಹೋದೆ. ಅವರು ಸಿಡುಕಿಕೊಂಡು, ಅಷ್ಟೆಲ್ಲ ತಪ್ಪಿದ್ದರೆ ಬಣ್ಣವಾದರೂ ಹೊಸದಾಗಲಿ ಎಂದು ಪೇಂಟರಿಗೆ ಮುಂಗಡ ಕೊಟ್ಟಾಗಿದೆ ಎಂದರು. ಆ ಮಾಸಲು ಕೆನೆ ಬಣ್ಣ ಬಾಂಬೆಯ ಕಾರ್ಖಾನೆಯಿಂದ ಬಂದದ್ದೇ ಹೌದೇ ಎಂದು ಕೇಳಿದೆ. ಹೌದಂತೆ; ಒಮ್ಮೆಯೂ ಬೇರೆ ಬಣ್ಣ ಕಂಡಿಲ್ಲವಂತೆ. ಹಾಗಿದ್ದರೆ ಅದನ್ನು ಮುಟ್ಟಕೂಡದು, ಅದರ ಬೆಲೆ ಬೇರೆಯೇ ಎಂದು ಅರ್ಧ ಗಂಟೆ ವಾದಿಸಿದೆ. ಬಿರುಕು ಬಿಟ್ಟ ಬಣ್ಣಕ್ಕೆ ಅಮೆರಿಕದಲ್ಲಿ ಬಹುಮಾನ ಕೊಡುತ್ತಾರೆಂದರೆ ಅವರು ಪೂರ್ತಿಯಾಗಿ ನಂಬಲಿಲ್ಲ, ಆದರೂ ಕಾರನ್ನು ಶೆಡ್ಡಿನಿಂದ ಹೊರಗೆ ಕಳಿಸಲಿಲ್ಲ. ಪೇಂಟರು ಮುಂಗಡವನ್ನು ಹಿಂತಿರುಗಿಸಲು ಒಪ್ಪದ್ದರಿಂದ, ಆ ಹಣಕ್ಕೆ ಮನೆಯ ಗೇಟಿಗೆ ಬಣ್ಣ ಹೊಡೆಸಿಕೊಂಡರಂತೆ.