ಊಟ ಬಿಟ್ಟರೂ ಏರಿದ ಶುಗರ್

2021ರ ಮೇ ತಿಂಗಳು. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವನಿಗೆ ಕೋವಿಡ್ ಜ್ವರ ಬಂದು ಮೂರನೇ ದಿನ. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದಕ್ಕೇ ನನಗೆ ಭಯ ಜಾಸ್ತಿ.

"ರೊಟ್ಟಿ ಒಲ್ಲೆ, ನುಚ್ಚೂ ಒಲ್ಲೆ" ಅನ್ನುತ್ತಿದ್ದಳು. ಹೊಟ್ಟೆಗೆ ಏನೂ ಇಲ್ಲದೆ ಗುಳಿಗೆ ಕೊಟ್ಟರೆ ಶುಗರ್ ಇಳಿದು ತಲೆ ತಿರುಗಿ ಬಿದ್ದಾಳು ಅಂತ ನಾನೇ ಗುಳಿಗೆ ನಿಲ್ಲಿಸಿದೆ. ಡಾಕ್ಟರನ್ನು ಕೇಳಲೂ ಇಲ್ಲ. ಪಕ್ಕದ ಮನೆಯ ಕಾಕು ಬಾಗಿಲಲ್ಲಿ ಗ್ಲುಕೋಸ್ ಪುಡಿಯ ಡಬ್ಬಿ ಇಟ್ಟು ಹೋಗಿದ್ದರು, ಶಕ್ತಿ ಬರಲಿ ಅಂತ. ಪ್ರೀತಿಯಿಂದ ಕೊಟ್ಟಿದ್ದು. ನಾನೂ ಪ್ರೀತಿಯಿಂದಲೇ ಎರಡು ಲೋಟ ಕುಡಿಸಿದೆ.

ಮಧ್ಯಾಹ್ನ ಅವ್ವ ನಾಲ್ಕು ಸಲ ಬಚ್ಚಲಿಗೆ ಹೋಗಿ ಬಂದಳು. "ನಾಲಿಗಿ ಒಣಗಿ ಕಟಿಗಿ ಆಗೇತಿ, ನೀರು ಕೊಡವ್ವಾ" ಅಂದಳು. ಆಗ ಅನುಮಾನ ಬಂತು. ಶುಗರ್ ನೋಡುವ ಮಷೀನ್ ತಂದೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಬೆರಳು. ಎರಡು ಸಲ ಚುಚ್ಚಿದರೂ ರಕ್ತ ಬರಲಿಲ್ಲ. ಮೂರನೇ ಸಲ ಬೆರಳಿನ ಪಕ್ಕಕ್ಕೆ ಚುಚ್ಚಿ ಹಿಂಡಿದಾಗ ಒಂದು ಹನಿ ಬಂತು. 412.

ಫೋನಿನಲ್ಲಿ ಡಾಕ್ಟರ್, "ಊಟ ಬಿಟ್ರ ಶುಗರ್ ಇಳೀತೈತಿ ಅನಕೊಂಡ್ರೇನು? ಜ್ವರ ಬಂದಾಗ ಅದು ತಾನ ಏರತೈತ್ರಿ. ಮೊದ್ಲ ಗ್ಲುಕೋಸ್ ಬಂದ್ ಮಾಡ್ರಿ. ಆಕ್ಸಿಜನ್ ಎಷ್ಟೈತಿ ನೋಡ್ರಿ" ಅಂದರು.

92 ಇತ್ತು. ಸಂಜೆಯೊಳಗೆ ಆಸ್ಪತ್ರೆ ಸೇರಿಸಿದೆವು.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಸೋಂಕು ತಗುಲಿದಾಗ ಮೈ ಗಾಬರಿಬಿದ್ದು ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಹಾರ್ಮೋನ್ ಸುರಿಸುತ್ತದಂತೆ. ಆಗ ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಸಕ್ಕರೆ ಏರಿಯೇ ಇದ್ದರೆ, ಸೋಂಕಿನ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಶ್ವಾಸಕೋಶದ ಉರಿಯೂತವೂ ಜೋರಾಗುತ್ತದೆ. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಸೋಂಕಿಗೆ ಬಲ ಕೊಡುತ್ತದೆ. ಕಬ್ಬಿನ ಗಾಣದಂತೆ ಒಂದನ್ನೊಂದು ತಿರುಗಿಸುತ್ತಲೇ ಇರುತ್ತವೆ.

ಆಕ್ಸಿಜನ್ ಇಳಿದಿದ್ದಕ್ಕೆ ಡೆಕ್ಸಾಮೆಥಾಸೋನ್ ಕೊಡಲೇಬೇಕಾಯಿತು. ಅದು ಸ್ಟೀರಾಯ್ಡ್, ಶುಗರ್ ಇನ್ನೂ ಏರಿಸುತ್ತದೆ. ಅದಕ್ಕೆ ದಿನಕ್ಕೆ ನಾಲ್ಕು ಸಲ ತಪಾಸಣೆ, ಇನ್ಸುಲಿನ್. ಆಗ ಎಲ್ಲರ ಬಾಯಲ್ಲೂ ಬ್ಲ್ಯಾಕ್ ಫಂಗಸ್ ಮಾತು. ಅದು ಹೆಚ್ಚಾಗಿ ಹಿಡಿಯುತ್ತಿದ್ದದ್ದು ಹತೋಟಿ ತಪ್ಪಿದ ಶುಗರ್ ಇದ್ದವರನ್ನೇ. ಮನೆಗೆ ಬಂದ ಮೇಲೂ ಅವ್ವನ ಮೂಗು, ಕಣ್ಣು, ಕೆನ್ನೆಯಲ್ಲಿ ಊತ ಬಂದಿದೆಯೇನೋ ಅಂತ ಟಾರ್ಚ್ ಹಿಡಿದು ನೋಡುತ್ತಿದ್ದೆ. ಒಂದು ತಿಂಗಳು ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಈಗ ಮಷೀನ್ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಹೋದ ತಿಂಗಳು ಅವ್ವನಿಗೆ ನೆಗಡಿ, ಕೆಮ್ಮು ಬಂತು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದಲೇ ಕೂಗಿದಳು: "ನೂರಾ ನಲವತ್ತೇಳು ಐತಿ, ಬರಕೋ!"